ನಾಲ್ಕನೆಯ ಕಿಂಡಿ

ದೋಣಿಯ ಮೇಲಿಂದ,
ಜುಲೈ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಹೊಸ ವರ್ಷದ ಕಾರ್ಡಿನಲ್ಲಿ ನೀನು ‘ಎಲ್ಲ ಕ್ಷೇಮ’ ಎಂದು ಎರಡೇ ಪದ ಬರೆದಿದ್ದೆ. ಏಳು ವರ್ಷದಿಂದ ಅದೇ ಎರಡು ಪದ. ಅಚ್ಚು ಹಾಕಿಸಿಟ್ಟುಕೊಂಡಿದ್ದೀಯೇನೋ ಎಂದು ನನಗೆ ಅನುಮಾನ. ಮಂಡಿಯ ಸಮಾಚಾರ ಕೊಟ್ಟವರು ನಿಮ್ಮ ಕಡೆ ಹೋಗಿಬಂದ ಹಗ್ಗದ ಅಂಗಡಿಯವರು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತೀಯಂತೆ. ಬಿಸಿನೀರಿನ ಶಾಖ ಕೊಟ್ಟುಕೋ, ಸೋಮಾರಿತನ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಬಂದರು ಕಚೇರಿಯ ಅದೇ ಕುರ್ಚಿಯಲ್ಲಿ ಕೂತು ಕೂತು ಬಡ್ತಿ ಬರಲಿಲ್ಲ, ಬೊಜ್ಜು ಬಂತು. ಪ್ರಾಸದ ಚಟ ಬಿಟ್ಟಿಲ್ಲ, ನೋಡಿದೆಯಲ್ಲ.

ಅಪ್ಪನ ದೇಹಕ್ಕೆ ಏನೂ ಆಗಿಲ್ಲ. ಊಟ ಸೇರುತ್ತದೆ, ಉಪ್ಪು ಕಡಿಮೆಯಾದರೆ ಗೊತ್ತಾಗುತ್ತದೆ. ನೆನಪು ಮಾತ್ರ ಸೋರಿಹೋಗುತ್ತಿದೆ. ಕೆಲವು ದಿನ ನಾನು ಮಗಳು, ಕೆಲವು ದಿನ ಮಾತ್ರೆ ಕೊಡುವ ನರ್ಸು. ಒಂದು ದಿನ ನನ್ನನ್ನೇ ಬಾಗಿಲಲ್ಲಿ ನಿಲ್ಲಿಸಿ, ‘ಮನೆಯವರು ಯಾರೂ ಇಲ್ಲಮ್ಮ, ಆಮೇಲೆ ಬನ್ನಿ’ ಅಂದರು. ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಬಂದೆ. ಒಳಗೆ ಕರೆದು ಕೂರಿಸಿದರು. ತಿಳಿವಿರುವ ದಿನಗಳು ಇನ್ನು ಕಡಿಮೆಯಾಗುತ್ತಲೇ ಹೋಗುತ್ತವೆ, ಬರಬೇಕಾದವರನ್ನು ಬೇಗ ಕರೆಸಿ ಎಂದರು ಡಾಕ್ಟರು. ಬರಬೇಕಾದವರು ಅಂತ ಇರುವುದು ನೀನೊಬ್ಬಳೇ. ಬೆಳಿಗ್ಗೆ ಎದ್ದ ಕೂಡಲೇ, ಹಲ್ಲುಜ್ಜುವ ಮೊದಲೇ, ‘ದೊಡ್ಡವಳು ಎಲ್ಲಿ?’ ಎಂದು ಕೇಳುತ್ತಿದ್ದರು.

ದೋಣಿ ಇನ್ನೂ ತೇಲುತ್ತಿದೆ. ಹಾಯಿ ಬಿಚ್ಚಿ ನಾಲ್ಕು ವರ್ಷವಾಯಿತು, ಆದರೂ ಕಚೇರಿಗೆ ಹೋಗುವ ಮೊದಲು ದಿನಾ ಬಂದು ಡೆಕ್ಕಿನ ಮಳೆನೀರು ಹರಿದುಹೋಗುವ ನಾಲ್ಕು ಕಿಂಡಿಗಳನ್ನೂ ನೋಡುತ್ತೇನೆ. ಎಲ್ಲಿಂದ ಬಂದು ಸೇರುತ್ತವೋ, ಎಲೆ, ಹಕ್ಕಿಯ ಗರಿ, ಹಗ್ಗದ ನಾರು, ಒಮ್ಮೆ ಯಾರದೋ ಐಸ್‌ಕ್ರೀಮಿನ ಚಮಚ. ಅಪ್ಪನ ಕಟ್ಟಪ್ಪಣೆ ನೆನಪಿದೆಯಲ್ಲ, ತಂತಿ ಹಾಕಬಾರದು. ಕೆಳಗಿನ ಪೈಪು ಹಳೆಯದು. ತಂತಿ ಚುಚ್ಚಿದರೆ ಮೇಲಿನ ನೀರು ಸಮುದ್ರಕ್ಕೆ ಹೋಗುವ ಬದಲು ದೋಣಿಯ ಹೊಟ್ಟೆಗೇ ಇಳಿಯುತ್ತದೆ. ಬೆರಳನ್ನೇ ಹಾಕಬೇಕು. ಆಮೇಲೆ ಒಂದು ಬಕೆಟ್ ನೀರು ಸುರಿದು ಎಣಿಸಬೇಕು. ಹನ್ನೆರಡರೊಳಗೆ ಗೊಳಕ್ ಎಂದರೆ ದಾರಿ ಸರಿಯಿದೆ ಅಂತ. ಆಗ ನೀನು ಸುರಿಯುತ್ತಿದ್ದೆ, ನಾನು ಕೆಳಗೆ ಪೈಪಿಗೆ ಕಿವಿಯಿಟ್ಟು ‘ಬಂತೂ’ ಎಂದು ಕೂಗುತ್ತಿದ್ದೆ. ಈಗ ಸುರಿಯುವವಳೂ ನಾನೇ, ಕೇಳುವವಳೂ ನಾನೇ. ಏಣಿ ಇಳಿಯುವಷ್ಟರಲ್ಲಿ ನೀರು ಬಂದು ಹೋಗಿರುತ್ತದೆ. ಇಂಜಿನ್ ಮೇಸ್ತ್ರಿ ಪಕ್ಕದ ದೋಣಿಯಿಂದ, ‘ಏನ್ ಮೇಡಂ, ಕಚೇರೀಲಿ ಫೈಲು ಕೆದಕಿದ್ದು ಸಾಲದು ಅಂತ ಇಲ್ಲಿ ಕಿಂಡಿ ಕೆದಕ್ತೀರಾ?’ ಎಂದು ದಿನಾ ಕಾಲೆಳೆಯುತ್ತಿದ್ದ. ಹತ್ತನೇ ವಯಸ್ಸಿನಲ್ಲಿ ನಾನು ಕಟ್ಟಿದ್ದು ನಿನಗೆ ಬಾಯಿಪಾಠವಿತ್ತಲ್ಲ: ಎಲೆಯ ತೆಗೆ, ಗರಿಯ ತೆಗೆ, ನಿಂತ ನೀರು ಮರಕೆ ಹಗೆ. ಅಪ್ಪ ಅದನ್ನು ಕೇಳಿಯೇ ನನಗೆ ‘ಪ್ರಾಸದ ಪುಟ್ಟಿ’ ಎಂದು ಹೆಸರಿಟ್ಟದ್ದು. ಛಂದಸ್ಸು ಓದಿ ಪದವಿ ತಗೊಂಡೆ, ಅಷ್ಟು ಚೆಂದದ ಎರಡು ಸಾಲು ಆಮೇಲೆ ಬರೆಯಲಾಗಲಿಲ್ಲ. ಬರೆದದ್ದನ್ನು ಪಾಲಿಸಲೂ ಆಗಲಿಲ್ಲ.

ನಿನಗೆ ಗೊತ್ತಿರುವುದನ್ನೇ ಈಗ ನಿನಗೆ ಬರೆಯುತ್ತೇನೆ, ಸಹಿಸಿಕೋ. ಆ ವರ್ಷ ಡೆಕ್ಕಿಗೆ ಹೊಸ ವಾರ್ನಿಷ್ ಹೊಡೆಯಬೇಕಿತ್ತು. ಮರ ಉಜ್ಜಿದ ಪುಡಿ ಪೈಪಿಗಿಳಿದು ಅಂಟಾಗಬಾರದೆಂದು ನಾಲ್ಕೂ ಕಿಂಡಿಗೆ ಬಟ್ಟೆ ತುರುಕಿದ್ದೆವು. ಪ್ರತಿಯೊಂದಕ್ಕೂ ಗೇಣುದ್ದ ಬಾಲ ಹೊರಗೆ ಬಿಡಬೇಕು, ತೆಗೆಯುವಾಗ ಕಣ್ಣಿಗೆ ಬೀಳಲಿ ಎಂದು. ಅದು ಅಪ್ಪನ ಕ್ರಮ. ಹಿಂದಿನ ಎಡಗಡೆಯದು ನನ್ನ ಕಾಲಿಗೆ ಮತ್ತೆ ಮತ್ತೆ ತೊಡರಿತು. ಬಾಲ ಕತ್ತರಿಸಿ ಒಳಕ್ಕೆ ನೂಕಿದೆ. ಸಂಜೆ ನಿನಗೆ ಬಸ್ಸಿಗೆ ಹೊತ್ತಾಗಿತ್ತು. ‘ನೀನು ಹೊರಡು, ಎಲ್ಲ ನಾನು ತೆಗೀತೀನಿ’ ಅಂದೆ. ಕಣ್ಣಿಗೆ ಬಿದ್ದ ಮೂರು ಬಾಲ ಎಳೆದೆ. ಬಕೆಟ್ ನೀರು ಸುರಿಯಲಿಲ್ಲ, ವಾರ್ನಿಷ್ ಹಸಿಯಾಗಿತ್ತು. ಆಮೇಲೆ ಮೂರು ದಿನ ಬಿಡದೆ ಮಳೆ. ನೀರು ಹಿಂದೆಯೇ ನಿಂತು, ಬಾಗಿಲಿನ ಸಂದಿನಿಂದ ಒಳಗಿಳಿದು, ಇಂಜಿನ್ ಮುಳುಗಿ, ಹಾಯಿಗಳೆಲ್ಲ ನೆನೆದು, ದೋಣಿ ಕಟ್ಟಿದ ಜಾಗದಲ್ಲೇ ಎಮ್ಮೆ ಥರ ಕೂತಿತು.

ಕಟ್ಟೆಯ ಮೇಲೆ ಅಷ್ಟು ಜನರೆದುರು ಅಪ್ಪ ಬೈದದ್ದು ನಿನ್ನನ್ನು. ಕಿಂಡಿಯ ಕೆಲಸ ನಿನ್ನದಾಗಿತ್ತಲ್ಲ. ‘ಕಣ್ಣು ಎಲ್ಲಿಟ್ಟಿದ್ದೆ? ಇನ್ಮೇಲೆ ಈ ದೋಣಿಗೆ ಕಾಲಿಡಬೇಡ’ ಎಂದರು. ನೀನು ಒಮ್ಮೆ ನನ್ನ ಕಡೆ ನೋಡಿದೆ. ನಾನೇ ಹೇಳಲಿ ಎಂದು ನೀನು ಕಾದೆ. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಆ ಪಟ್ಟಿ ಸರಿಯಾಗಿಯೇ ಇತ್ತು ಅಕ್ಕಾ. ನೀನು ಬಾಯಿ ಬಿಡಲಿಲ್ಲ, ಒಂದೇ ವಾರದಲ್ಲಿ ಬ್ಯಾಗು ತೆಗೆದುಕೊಂಡು ಹೊರಟೆ. ಹಾಯಿ ಏರಿಸಲು ನಿನ್ನಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಈಗ ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತೀಯಂತೆ. ನಾಳೆ ಹೇಳುತ್ತೇನೆ, ಅಪ್ಪನ ಕೋಪ ಇಳಿಯಲಿ, ಇಂಜಿನ್ ರಿಪೇರಿಯಾಗಲಿ ಎಂದು ಮುಂದೂಡಿದೆ. ಕೋಪ ಇಳಿಯಿತು, ಇಂಜಿನ್ನೂ ಓಡಿತು, ನನ್ನ ನಾಲಿಗೆ ಮಾತ್ರ ಓಡಲಿಲ್ಲ.

ಮೊನ್ನೆ ಗುರುವಾರ ಅಪ್ಪನನ್ನು ಮೆಲ್ಲಗೆ ನಡೆಸಿಕೊಂಡು ಬಂದು ಡೆಕ್ಕಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ನಾಲ್ಕನೆಯ ಕಿಂಡಿಯ ಪಕ್ಕ ಮಂಡಿಯೂರಿ ಎಲ್ಲವನ್ನೂ ಹೇಳಿದೆ: ಕತ್ತರಿ, ಬಾಲ, ಬಸ್ಸು, ಚಪ್ಪಲಿ. ಪೂರ್ತಿ ಕೇಳಿದರು. ಕೇಳಿ, ಕಿಂಡಿಯ ಕಡೆ ನೋಡಿ, ‘ನೀರು ಹೋಯ್ತಾ?’ ಅಂದರು. ಹೋಯ್ತು ಅಂದೆ. ಏಳು ವರ್ಷ ತಡೆದಿಟ್ಟ ಮಾತು ತಲುಪಬೇಕಾದವರೇ ಅಲ್ಲಿರಲಿಲ್ಲ. ಮರುದಿನ ಕಟ್ಟೆಯ ಮೇಲೆ, ನಿನ್ನನ್ನು ಬೈದ ಜಾಗದಲ್ಲೇ ನಿಂತು, ಇಂಜಿನ್ ಮೇಸ್ತ್ರಿಗೂ ಹಗ್ಗದ ಅಂಗಡಿಯವರಿಗೂ ಹೇಳಿದೆ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು, ‘ಏಳು ವರ್ಷ ಬೇಕಾಯ್ತಾ ಮೇಡಂ?’ ಎಂದ. ಅವತ್ತಿನಿಂದ ನನ್ನ ಕಾಲೆಳೆಯುವುದನ್ನು ನಿಲ್ಲಿಸಿದ್ದಾನೆ. ಅದೇ ನನಗೆ ಹೆಚ್ಚು ಕಷ್ಟವಾಗಿದೆ.

ಕ್ಷಮಿಸು ಎಂದು ಬರೆಯಲು ಧೈರ್ಯವಿಲ್ಲ. ಬಾ ಎಂದು ಮಾತ್ರ ಬರೆಯುತ್ತೇನೆ. ನನ್ನ ಮುಖ ನೋಡುವುದು ಬೇಡವೆನಿಸಿದರೆ ಹೇಳು, ನೀನಿರುವಷ್ಟು ದಿನ ನಾನು ದೋಣಿಯಲ್ಲೇ ಮಲಗುತ್ತೇನೆ. ನಿನ್ನ ಕೋಣೆ ಗುಡಿಸಿದ್ದೇನೆ, ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದೇನೆ. ಹಗ್ಗದ ಅಂಗಡಿಯವರು ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಮಂಡಿ ಜೋಪಾನ, ಬಸ್ಸಿನ ಮೆಟ್ಟಿಲು ನಿಧಾನಕ್ಕೆ ಹತ್ತು.

ನಿನ್ನ ಕಾಲಿಗೆ ಬೀಳಬೇಕಾದ ತಂಗಿ,
ಪ್ರಾಸದ ಪುಟ್ಟಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಗುರುವಾರದ್ದನ್ನು ಮೇಲೆ ಪೂರ್ತಿ ಬರೆದಿಲ್ಲ. ‘ನೀರು ಹೋಯ್ತಾ’ ಎಂದಮೇಲೆ ಅಪ್ಪ ನನ್ನ ಮಣಿಕಟ್ಟು ಹಿಡಿದು, ‘ದೊಡ್ಡವಳೇ, ಅವತ್ತು ಅಷ್ಟು ಜನರ ಮುಂದೆ ನಿನ್ನ ಬೈಬಾರದಿತ್ತು ಕಣಮ್ಮ. ತಪ್ಪಾಯ್ತು. ಮನೆಗೆ ಬಂದ್ಬಿಡು’ ಎಂದರು. ಅತ್ತುಬಿಟ್ಟರು. ನಾನು ಚಿಕ್ಕವಳು ಅಪ್ಪಾ ಅನ್ನಬೇಕಿತ್ತು. ‘ಆಯ್ತಪ್ಪಾ, ಬಂದೆನಲ್ಲ’ ಅಂದುಬಿಟ್ಟೆ. ನಿನಗೆ ಬಂದ ಮಾತನ್ನು ನಾನು ಇಸಕೊಂಡೆ. ಶುಕ್ರವಾರದಿಂದ ಅವರು ನಿನ್ನನ್ನು ಕೇಳುತ್ತಿಲ್ಲ ಅಕ್ಕಾ. ನೀನು ಬಂದಾಯಿತು ಅಂದುಕೊಂಡಿದ್ದಾರೆ.