ಹಸಿ ಬಣ್ಣದ ಹಣೆ

ಸಂತೆಕಲ್ಲೂರು
ಮಂಗಳವಾರ, 12-11-2024

ಮಗಳು ಅನುಪಮಾಳಿಗೆ,

ನಿನ್ನ ಅವ್ವ ಬರೆಯುವುದು. ಫೋನಿನಲ್ಲಿ ನನಗೆ ಮಾತಿಗಿಂತ ಮೊದಲು ಸಿಟ್ಟು ಬರುತ್ತದೆ, ಅದಕ್ಕೇ ಕಾಗದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ನಗಬೇಡ.

ನಿಮ್ಮಣ್ಣ ಸುನೀಲ ಜ್ವರದಲ್ಲಿ ತೀರಿಕೊಂಡು, ಬರುವ ವಾರಕ್ಕೆ ಒಂದು ವರ್ಷ. ಅಂದು ಇಡಲೆಂದು ಮೊನ್ನೆ ಭಾನುವಾರ ನೀನು ಲಿಂಗಸುಗೂರಿನಿಂದ ಅವನ ಎಣ್ಣೆಬಣ್ಣದ ಚಿತ್ರ ಬರೆದು ತಂದೆ. ನೋಡಿದ ಕೂಡಲೇ ನಾನು ಒದರಿದೆ, "ಇದೇನ ಬೇ, ನನ್ನ ಮಗನ ಮಾರಿಗೆ ರಾಡಿ ಮೆತ್ತೀದಿ?" ಎಂದು. ನೀನು, "ಬಣ್ಣ ಇನ್ನಾ ಹಸಿ ಐತಿ, ಮುಟ್ಟಬ್ಯಾಡವ್ವಾ" ಎಂದಷ್ಟೇ ಹೇಳಿ ಬಸ್ಸಿಗೆ ಹೋದೆ.

ಹತ್ತಿರ ನಿಂತರೆ ರಾಡಿಯೇ. ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ತಲೆ ಎತ್ತಿದೆ ನೋಡು, ಅಲ್ಲಿಂದ ಅವನೇ. ಹುಬ್ಬಿನ ಮೇಲೆ ಕುಂಚ ಒತ್ತಿ ಮೇಲಕ್ಕೆ ಎಳೆದಿದ್ದೀಯಲ್ಲ, ದಪ್ಪ ದಪ್ಪ ಗೆರೆ. ನಾನು ಕುಂಕುಮ ಹಿಡಿದು ಬಂದರೆ ಹಾಗೇ ತಲೆ ಹಿಂದಕ್ಕೆ ಎಳೆಯುತ್ತಿದ್ದ. ಬೌದ್ಧನಾದ ಮೇಲೆ ಅವನು ಹಣೆ ಮುಟ್ಟಲು ಬಿಡಲೇ ಇಲ್ಲ. "ನಿನ್ನ ದೇವರು ನಿನಗಿರ್ಲಿ ಬೇ ಅವ್ವಾ, ನನ್ನ ಹಣಿ ನನಗಿರ್ಲಿ" ಎಂದು ನಗುತ್ತಿದ್ದ. ತುಟಿಯನ್ನು ಒಂದೇ ಎಳೆತಕ್ಕೆ ಬರೆದಿದ್ದೀಯ. ಆ ನಗು ಅದರ ತುದಿಯಲ್ಲಿದೆ.

ನನಗೆ ತಡೆಯಲಾಗಲಿಲ್ಲ. ಫೋಟೊದ ಗಾಜಿಗೆ ಹಚ್ಚುವಂತೆ ಹೆಬ್ಬೆಟ್ಟಿನಿಂದ ಕುಂಕುಮ ಒತ್ತಿಬಿಟ್ಟೆ. ಗಾಜು ಎಲ್ಲಿದೆ? ಬೆರಳು ಹಣೆಯೊಳಗೆ ಇಳಿಯಿತು. ಒರೆಸಲು ಹೋಗಿ ಗೆರೆಗಳೆಲ್ಲ ಸಾಪಾದವು. ಈಗ ಹಣೆ ನುಣ್ಣಗೆ, ನಡುವೆ ಕೆಂಪು. ಅವನ ಹಟ ಹೋಯಿತು. ಅವ್ವನ ಮಾತು ಕೇಳುವ ಯಾರದೋ ಮಗ ಕೂತಿದ್ದಾನೆ.

ಪಕ್ಕದ ಮನೆಯ ಜಮೀಲಾಬೀ ಬಂದು, "ಈಗ ಛಂದ ಕಾಣ್ತಾನ ನೋಡು ಯಮನವ್ವ, ಥೇಟ್ ಫೋಟೊದಾಗಿನಂಗ" ಎಂದಳು. "ಇಂವ ಯಾವಾಗರ ನನ್ನ ಮಾತ ಕೇಳ್ಯಾನೇನು?" ಎಂದು ಅವಳ ಮೇಲೂ ಹರಿಹಾಯ್ದೆ. ಪಾಪ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಈ ಭಾನುವಾರ ಬಾ. ನನ್ನ ಕುಂಕುಮ ತೆಗೆ. ಗೆರೆಗಳನ್ನು ಮೊದಲಿದ್ದಂತೆ ಒರಟಾಗಿಯೇ ಎಬ್ಬಿಸು. ಬದುಕಿದ್ದಾಗ ಹಿಂದೆ ಸರಿಯುತ್ತಿದ್ದ. ಈಗ ಹಚ್ಚಿದರೆ ಅವನು ಎಲ್ಲಿಗೆ ಸರಿದಾನು? ಮಸ್ಕಿಯಲ್ಲಿ ಕಟ್ಟಲು ಹೇಳಿದ್ದ ಹೂವಿನ ಹಾರವನ್ನೂ ಬೇಡವೆಂದಿದ್ದೇನೆ, ಹಸಿ ಬಣ್ಣಕ್ಕೆ ಅಂಟೀತು.

ಬರುವಾಗ ಉಂಡು ಬರಬೇಡ.

ನಿನ್ನ ಸಿಟ್ಟಿನ ಅವ್ವ,
ಯಮನವ್ವ

ತಾ.ಕ.: ಅವನ ಹಣೆಯ ಬಣ್ಣ ನನ್ನ ಬಲಗೈ ಹೆಬ್ಬೆಟ್ಟಿನ ಉಗುರಿನ ಸಂದಿಯಲ್ಲಿ ಉಳಿದಿದೆ. ತಿಕ್ಕಿದರೆ ಹೋಗುತ್ತದೆಂದು ಜಮೀಲಾಬೀ ಸೀಮೆಎಣ್ಣೆ ತಂದಿಟ್ಟಿದ್ದಾಳೆ. ಮುಟ್ಟಿಲ್ಲ. ರೊಟ್ಟಿ ಎಡಗೈಯಲ್ಲಿ ಬಡಿಯುತ್ತಿದ್ದೇನೆ.