ಹೊಲದ ಗಡ್ಡ

ಬುಕಿತ್ ಪಂಜಾಂಗ್, ಸಿಂಗಪುರ
ಮಂಗಳವಾರ

ಅತ್ತಿಗೆ, ನಿಮ್ಮ ನಾದಿನಿ ಸಿಂಗಪುರದಲ್ಲಿ ರಾಗಿ ಕೊಯ್ದಳು ಎಂದರೆ ನಂಬುತ್ತೀರಾ? ಮಗಳು ಸಂಹಿತಾಳ ಬ್ಲಾಕಿನ ಕೆಳಗೆ ಎಲ್ಲರಿಗೂ ಸೇರಿದ ಕೈತೋಟವಿದೆ. ಅಂಗಡಿಯ ರಾಗಿಯನ್ನೇ ಒಂದು ಮಡಿಯಲ್ಲಿ ಚೆಲ್ಲಿದ್ದೆ, ಸೊಗಸಾಗಿ ಬಂತು. ಕುಡುಗೋಲು ಎಲ್ಲಿ ಸಿಗಬೇಕು? ಮೊನ್ನೆ ಭಾನುವಾರ ಅಡುಗೆಮನೆಯ ಕತ್ತರಿಯಲ್ಲೇ ಕೊಯ್ದೆ.

ಕೊನೆಯ ಹಿಡಿಗೆ ಕತ್ತರಿ ಹಾಕುವಾಗ ಪಕ್ಕದ ಮಡಿಯ ನೀನಾ ಓಡಿಬಂದು ನನ್ನ ಕೈ ಹಿಡಿದುಕೊಂಡರು. ರಷ್ಯಾದ ಹಳ್ಳಿಯವರು, ನನ್ನ ಹಾಗೇ ಮಗಳ ಮನೆಗೆ ಬಂದವರು. ಅವರ ಇಂಗ್ಲಿಷನ್ನು ಸಂಹಿತಾ ಬಿಡಿಸಿ ಹೇಳಿದಳು: "ಅಮ್ಮಾ, ಅದನ್ನ ಕಟ್ ಮಾಡ್ಬೇಡ ಅಂತಿದಾರೆ. ಅದು ಹೊಲದ ಗಡ್ಡ ಅಂತೆ, ಭೂಮಿಗೇ ಬಿಡ್ಬೇಕಂತೆ." ನೀನಾ ಆ ತೆನೆಗಳನ್ನು ಹೆಣೆದು, ತಮ್ಮ ಕೂದಲಿನ ಕೆಂಪು ಟೇಪು ಬಿಚ್ಚಿ ಕಟ್ಟಿದರು. ಮನೆಯಿಂದ ಬ್ರೆಡ್ಡು, ಉಪ್ಪು ತಂದು ಬುಡದಲ್ಲಿಟ್ಟರು. ಅವರ ಊರಿನ ಹೊಲಗಳೆಲ್ಲ ಸರ್ಕಾರದ ಸಾಮೂಹಿಕ ಬೇಸಾಯಕ್ಕೆ ಸೇರಿದ ಮೇಲೆ ಒಂದು ತೆನೆ ಬಿಟ್ಟರೂ ತಪ್ಪಾಗುತ್ತಿತ್ತಂತೆ. ಆದರೂ ಅವರಜ್ಜಿ ಗುಟ್ಟಾಗಿ ಒಂದು ಹಿಡಿ ಬಿಟ್ಟೇ ಬರುತ್ತಿದ್ದರಂತೆ.

ನನ್ನ ಮಂಡಿನೋವು ಕಡಿಮೆ, ಮಾತ್ರೆ ತಪ್ಪಿಸುತ್ತಿಲ್ಲ. ಕಾರ್ಡಿನಲ್ಲಿ ಇನ್ನು ಚೂರೇ ಜಾಗ. ನೀವು ಮದುವೆಯಾಗಿ ಬಂದ ವರ್ಷ ಹಕ್ಕಿಗಳಿಗೆಂದು ಹೊಲದ ಮೂಲೆಯಲ್ಲಿ ಒಂದು ಹಿಡಿ ರಾಗಿ ಬಿಟ್ಟು, ದನ ಮೇಯ್ದುಬಿಟ್ಟಿತೆಂದು ಅತ್ತಿರಲ್ಲ, ಅದು ದನವಲ್ಲ ಅತ್ತಿಗೆ. ದಂಡವೆಂದು ನಾನೇ ಕೊಯ್ದಿದ್ದೆ. ಇಲ್ಲಿಯ ಹಿಡಿಯನ್ನು ನಿಮ್ಮ ಹೆಸರಿನಲ್ಲಿ ಬಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಎರಡು ಗುಬ್ಬಿ ಬಂದಿದ್ದವು.

ನಿಮ್ಮ ಕೌಸಲ್ಯಾ