ಇನ್ನೂರೈವತ್ತೈದನೆಯ ನಿಮಿಷ

ನವೆಂಬರ್ 4, ಸೋಮವಾರ
ಎಂಟರ ಟ್ರಾಮ್. ಹೆಂಡತಿ ಗುನ್ವೋರಳ ಬೂಟು ಇನ್ನೂ ಬಾಗಿಲಲ್ಲೇ. ದಾಟಿಕೊಂಡು ಹೊರಟೆ. ಅವಳು ತೀರಿ ಎಂಟು ತಿಂಗಳು...

ಆಫೀಸು ಗಪ್‌ಚುಪ್. ತೂರಾ ಎಂಬ ಎಂಬತ್ತನಾಲ್ಕರ ಹೆಂಗಸು ಅಡುಗೆಮನೆಯಲ್ಲಿ ಬಿದ್ದು ಎರಡು ದಿನ ಹಾಗೇ ಇದ್ದಳಂತೆ. ಸತ್ತಳು. ಗೋಡೆಯಲ್ಲಿ ನಮ್ಮ ಕಂಪನಿಯ ಅಲಾರಂ. ಆರು ಗಂಟೆ ಯಾರೂ ಅಲುಗಾಡದಿದ್ದರೆ ನರ್ಸಿಗೆ ಕರೆ ಹೋಗಬೇಕು. ಹೋಗಿಲ್ಲ.

ಬಾಸ್ ಹೋಕನ್: "ನಿಮ್ ಹ್ಯಾಸ್ಕೆಲ್‌ನಲ್ಲಿ ಬರ್ದ ಪ್ರೋಗ್ರಾಂ ಕಂಪೈಲ್ ಆಯ್ತು ಅಂದ್ರೆ ತಪ್ಪೇ ಇರಲ್ಲ ಅಂತಿದ್ರಲ್ಲಪ್ಪ?"

ನವೆಂಬರ್ 5
ತಪ್ಪು ಸಿಕ್ಕಿತು. ನಿಮಿಷ ಎಣಿಸುವ ಸಂಖ್ಯೆ ಎಂಟು ಬಿಟ್‌ನದು. 255 ಆದಮೇಲೆ ಮತ್ತೆ ಸೊನ್ನೆ. ಮೊದಲು ಮಿತಿ 240 ಇತ್ತು, ನಡೆಯುತ್ತಿತ್ತು. ಮಲಗಿದವರನ್ನೂ ಎಬ್ಬಿಸುತ್ತದೆ ಎಂದು ಮಾರ್ಚ್‌ನಲ್ಲಿ 360 ಮಾಡಿದೆವು. ಎಣಿಕೆ ಅಲ್ಲಿಗೆ ಮುಟ್ಟುವುದೇ ಇಲ್ಲ.

ಮಾಡಿದ್ದು ನಾನು. ಗುನ್ವೋರಳನ್ನು ಮಣ್ಣು ಮಾಡುವ ಹಿಂದಿನ ದಿನ. ಪರದೆಯಲ್ಲಿ "ಕುಡಂಟ್ ಮ್ಯಾಚ್ ಎಕ್ಸ್‌ಪೆಕ್ಟೆಡ್ ಟೈಪ್"... ಎರಡು ಸಂಖ್ಯೆಗಳ ಅಳತೆ ಹೊಂದುತ್ತಿಲ್ಲ ಎಂಬ ದೂರು, ಪೂರ್ತಿ ಓದಲಿಲ್ಲ. ಚರ್ಚಿಗೆ ಹೂವು ಹೇಳಬೇಕಿತ್ತು. ಎಣಿಕೆಯನ್ನು ಮಿತಿಗೆ ಹೋಲಿಸುವ ಸಾಲಿನಲ್ಲಿ ಫ್ರಮ್‌ಇಂಟೆಗ್ರಲ್ ಎಂಬ ಪರಿವರ್ತಕ ತುರುಕಿ ಸಣ್ಣ ಟೈಪನ್ನು ದೊಡ್ಡದು ಮಾಡಿದೆ. ಕಂಪೈಲರ್ ಬಾಯಿ ಮುಚ್ಚಿತು. ಸೊನ್ನೆಗೆ ಮರಳಿದ್ದನ್ನು ದೊಡ್ಡದು ಮಾಡಿ ಏನು ಬಂತು.

ನವೆಂಬರ್ 7
ಕಾಫಿಯ ಹೊತ್ತು. ದಾಲ್ಚಿನ್ನಿ ಬನ್ ಯಾರೂ ಮುಟ್ಟಲಿಲ್ಲ. ಹೋಕನ್ ಪರದೆ ತೋರಿಸಿದ, ಪ್ರತಿ ಸಾಲನ್ನು ಕೊನೆಗೆ ಮುಟ್ಟಿದವರ ಹೆಸರು ಅದರಲ್ಲಿ. ಆ ಸಾಲಿನ ಪಕ್ಕ ನಮ್ಮ ಕಿರಿಯ ಸಹೋದ್ಯೋಗಿ ಸಿಗ್ರಿಡ್ ಹೆಸರು! ಸೆಪ್ಟೆಂಬರಿನಲ್ಲಿ ಇಡೀ ಫೈಲಿನ ಸಾಲುಗಳನ್ನು ಓರಣ ಮಾಡಿದ್ದಳು, ಪ್ರತಿ ಸಾಲಿಗೂ ಅವಳ ಹೆಸರು ಬಿದ್ದಿದೆ.

"ಇದು ನಿಂದಾ?" ಎಂದು ಅವಳನ್ನು ಕೇಳಿದ.

"ನೆನಪಿಲ್ಲ... ಹೆಸರು ನಂದೇ ಇದ್ಯಲ್ಲ." ನನ್ನ ಕಡೆ ತಿರುಗಿದಳು. "ಆರ್ವಿಡ್, ಹಳೇ ಹುಲಿ ನೀನು. ನಿನ್ ಕಣ್ಣಿಗೂ ಬೀಳ್ಲಿಲ್ವಾ?"

"ಬೀಳ್ಲಿಲ್ಲ" ಎಂದೆ.

ಇನ್ನೂ ಹಿಂದಕ್ಕೆ ಕೆದಕಿದರೆ ನನ್ನ ಹೆಸರು ಬರುತ್ತದೆ. ಯಾರೂ ಕೆದಕಲಿಲ್ಲ. ನಾನೂ.

ನವೆಂಬರ್ 15
ಸಿಗ್ರಿಡ್ ವಾರದಿಂದ ಬಂದಿಲ್ಲ. ತೂರಾಳ ಮಗಳಿಗೆ ಕ್ಷಮೆ ಕೇಳಿ ಪತ್ರ ಬರೆದಳಂತೆ. ಕೈಬರಹದಲ್ಲಿ.

ಹೋಕನ್: "ಊಟಾನೇ ಬಿಟ್ಟಿದ್ದಾಳೆ ಅಂತ ಅವ್ಳಮ್ಮ ಫೋನ್ ಮಾಡಿದ್ರು. ನೀನೊಂದ್ಸಲ ಹೋಗಿ ಮಾತಾಡ್ಸು ಮಾರಾಯ. ನಿನ್ ಮಾತಂದ್ರೆ ಅವ್ಳಿಗೆ ನಂಬ್ಕೆ."

ನವೆಂಬರ್ 16, ಮಧ್ಯಾಹ್ನ ಎರಡು
ಸಿಗ್ರಿಡ್ ಮನೆಯೆದುರಿನ ಟ್ರಾಮ್ ನಿಲ್ದಾಣ. ನಾಲ್ಕು ಟ್ರಾಮ್ ಬಿಟ್ಟೆ. ಗಂಟೆ ಒತ್ತಲು ಹೋಗಿ ಎರಡು ಸಲ ವಾಪಸ್ ಬಂದೆ. ಹೆಂಡತಿ ಸತ್ತ ವಾರ ಅದು ಎನ್ನಬಹುದು... ತೂರಾಳ ಮಗಳಿಗೆ ಹಾಗೆನ್ನಲಾದೀತೇ.

ಕಿಟಕಿಯಿಂದ ಕಂಡಳು. ಮೇಲೆ ಬಾ ಎಂದು ಕೈ ಮಾಡುತ್ತಿದ್ದಾಳೆ. ನಗುತ್ತಿದ್ದಾಳೆ, ನನ್ನನ್ನು ಕಂಡು.

ಮೊದಲ ಮಾತು ಇಲ್ಲೇ ಬರೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಬಾಯಿಗೆ ಬರುವುದಿಲ್ಲ — ಸಿಗ್ರಿಡ್, ಆ ಸಾಲು